ಟೋಲ್ಟ್‌ಗಾಗಿ ಲಗಾಮು ಎಳೆಯಬೇಡಿ

ಐಸ್‌ಲ್ಯಾಂಡ್ ಕುದುರೆ ಕೊಂಡವರು ನನ್ನ ಹತ್ತಿರ ತರುವ ದೂರು ಹೆಚ್ಚುಕಮ್ಮಿ ಒಂದೇ: "ಇದು ಟೋಲ್ಟ್ ಮಾಡ್ತಾನೇ ಇಲ್ಲ." ಟೋಲ್ಟ್ ಅಂದರೆ ಸವಾರನನ್ನು ಕುಲುಕದ, ಈ ತಳಿಗೆ ಹೆಸರು ತಂದ ಮೆತ್ತನೆಯ ನಡೆ. ಜರ್ಮನಿಯಲ್ಲಿ ಈ ಕುದುರೆಗಳನ್ನು ಪಳಗಿಸುವುದೇ ನನ್ನ ಕೆಲಸ. ಇಂಥ ದೂರು ಬಂದಾಗ ಮೊದಲು ನೋಡುವುದು ಸವಾರರ ಕೈಯನ್ನು. ಬಹಳ ಸಲ ಲಗಾಮು ಬಿಗಿದಿರುತ್ತದೆ, ಕುದುರೆಯ ಕತ್ತು ಮೇಲಕ್ಕೆ ಸೆಟೆದಿರುತ್ತದೆ, ಜೀನಿನ ಕೆಳಗೆ ಬೆನ್ನು ತಗ್ಗಿರುತ್ತದೆ. ತಲೆ ಎತ್ತಿಸಿದರೆ ಟೋಲ್ಟ್ ಬರುತ್ತದೆ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಅದು ತಪ್ಪು.

ನಾವು ಊರಲ್ಲಿ ನೋಡಿರುವ ರೇಸ್ ಕುದುರೆಗಳು ನಡೆಯುತ್ತವೆ, ಟ್ರಾಟ್ ಮಾಡುತ್ತವೆ (ಎದುರುಬದುರು ಮೂಲೆಯ ಎರಡೆರಡು ಕಾಲು ಒಟ್ಟಿಗೆ ಇಡುವ ಓಟ), ನಾಗಾಲೋಟ ಓಡುತ್ತವೆ. ಐಸ್‌ಲ್ಯಾಂಡ್ ಕುದುರೆಗೆ ಇವುಗಳ ಜೊತೆ ಟೋಲ್ಟ್ ಇದೆ. ಕೆಲವಕ್ಕೆ ಐದನೆಯದಾಗಿ ಪೇಸ್ ಕೂಡ ಬರುತ್ತದೆ. ಪೇಸ್‌ನಲ್ಲಿ ಒಂದೇ ಬದಿಯ ಎರಡು ಕಾಲು ಒಟ್ಟಿಗೆ ಮುಂದೆ ಹೋಗುತ್ತವೆ. ಟೋಲ್ಟ್‌ನಲ್ಲಿ ಕಾಲು ಬೀಳುವ ಕ್ರಮ ನಡಿಗೆಯದ್ದೇ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ವೇಗ ಎಷ್ಟೇ ಇರಲಿ, ಯಾವಾಗಲೂ ಒಂದೋ ಎರಡೋ ಕಾಲು ನೆಲದ ಮೇಲಿರುತ್ತವೆ. ಅದಕ್ಕೇ ಸವಾರ ಜೀನಿನ ಮೇಲೆ ಕುಕ್ಕುವುದಿಲ್ಲ.

ಟೋಲ್ಟ್ ಸರಿ ಇದೆಯೋ ಇಲ್ಲವೋ ಅಂತ ತಿಳಿಯಲು ಕಿವಿ ಸಾಕು. ಡಾಂಬರು ರಸ್ತೆಗೆ ಕರೆದೊಯ್ದು ಗೊರಸಿನ ಸದ್ದು ಕೇಳಿ. ಒಳ್ಳೆಯ ಟೋಲ್ಟ್ ಅಂದರೆ ತ-ಕ-ಧಿ-ಮಿ, ನಾಲ್ಕಕ್ಕೂ ಒಂದೇ ಅಂತರ. "ತಕ... ಧಿಮಿ..." ಅಂತ ಎರಡೆರಡಾಗಿ ಅಂಟಿಕೊಂಡರೆ ಕುದುರೆ ಪೇಸ್ ಕಡೆಗೋ ಟ್ರಾಟ್ ಕಡೆಗೋ ಜಾರುತ್ತಿದೆ ಅಂತ ಅರ್ಥ. ಬೆನ್ನು ಬಿಗಿದ, ಇಲ್ಲವೇ ದಣಿದ ಕುದುರೆ ಸಾಮಾನ್ಯವಾಗಿ ಪೇಸ್ ಕಡೆಗೇ ಜಾರುತ್ತದೆ. ಬಿಗಿ ಲಗಾಮಿನಿಂದ ಸವಾರರು ತಂದುಕೊಳ್ಳುವುದೂ ಇದನ್ನೇ.

ಈ ನಡೆ ಹುಟ್ಟಿನಿಂದ ಬಂದದ್ದು. ಡಿಎಂಆರ್‌ಟಿ3 ಎಂಬ ವಂಶವಾಹಿಯಲ್ಲಿ ಆದ ಒಂದು ಬದಲಾವಣೆ ಇದರ ಹಿಂದಿದೆ ಎಂದು ಸ್ವೀಡನ್‌ನ ವಿಜ್ಞಾನಿಗಳ ತಂಡ 2012ರಲ್ಲಿ ತೋರಿಸಿತು. ಬೆನ್ನುಹುರಿಯಲ್ಲಿ ಕಾಲುಗಳ ಚಲನೆಯನ್ನು ಹೊಂದಿಸುವ ನರಕೋಶಗಳಿಗೆ ಸಂಬಂಧಿಸಿದ ವಂಶವಾಹಿ ಅದು. ಪೆರುವಿನ ಪಾಸೊ, ಅಮೆರಿಕದ ಟೆನೆಸಿ ವಾಕಿಂಗ್ ಹಾರ್ಸ್ ತಳಿಗಳಲ್ಲೂ ಅದೇ ಬದಲಾವಣೆ ಸಿಕ್ಕಿತು. ನಮ್ಮ ರಾಜಸ್ಥಾನದ ಮಾರವಾಡಿ ಕುದುರೆಗಳಲ್ಲೂ ರೇವಾಲ್ ಎಂಬ ಮೆತ್ತನೆಯ ನಡೆ ಇದೆ. ಹೀಗೆ ಕುದುರೆಗೆ ಬರುವುದನ್ನೇ ನಾವು ಕೇಳುತ್ತಿದ್ದೇವೆ. ಸವಾರನನ್ನು ಹೊತ್ತುಕೊಂಡು ಅದನ್ನು ಮಾಡುವಷ್ಟು ಬಲ ಬೆನ್ನಿಗೆ ಬರಬೇಕು, ಅಷ್ಟೆ.

ಬಲ ಬರಲು ಟೈಮ್ ಬೇಕು. ಐಸ್‌ಲ್ಯಾಂಡ್‌ನಲ್ಲಿ ಮರಿಗಳು ಹಿಂಡಿನ ಜೊತೆ ಬಯಲಲ್ಲೇ ಬೆಳೆಯುತ್ತವೆ. ಸುಮಾರು ನಾಲ್ಕು ವರ್ಷಕ್ಕೆ ಜೀನು ಹಾಕಲು ಶುರು ಮಾಡುತ್ತಾರೆ. ಮೈ ಪೂರ್ತಿ ತುಂಬಲು ಆರೇಳು ವರ್ಷವಾದರೂ ಆಗಬೇಕು. ಅಲ್ಲಿಯವರ ಹಳೆಯ ಪದ್ಧತಿಯೊಂದು ನನಗೆ ತುಂಬಾ ಇಷ್ಟ. ಅನುಭವಿ ಕುದುರೆಯ ಮೇಲೆ ಕೂತು, ಎಳೆಯದನ್ನು ಪಕ್ಕದಲ್ಲಿ ಹಗ್ಗ ಹಿಡಿದು ಕರೆದೊಯ್ಯುತ್ತಾರೆ. ಬೆನ್ನ ಮೇಲೆ ಭಾರವಿಲ್ಲ, ಬಾಯಲ್ಲಿ ಕಡಿವಾಣವಿಲ್ಲ. ಮರಿ ದಾರಿ ಕಲಿಯುತ್ತದೆ, ಧೈರ್ಯ ಕಲಿಯುತ್ತದೆ, ಎಷ್ಟೋ ಸಲ ಪಕ್ಕದ ಕುದುರೆಯ ವೇಗಕ್ಕೆ ತಾನಾಗಿ ಟೋಲ್ಟ್‌ಗೆ ಇಳಿಯುತ್ತದೆ.

ಪೇಸ್‌ಗೆ ಜಾರುವ ಕುದುರೆ ಬಂದರೆ ನಾನು ಮೊದಲ ಕೆಲವು ವಾರ ಟೋಲ್ಟ್ ಕೇಳುವುದೇ ಇಲ್ಲ. ಲಗಾಮು ಸಡಿಲ ಬಿಟ್ಟು, ಕತ್ತು ಕೆಳಗೆ ಚಾಚಿ ಉದ್ದುದ್ದ ಹೆಜ್ಜೆ ಹಾಕಲು ಬಿಡುತ್ತೇನೆ. ನೆಲದ ಮೇಲೆ ಮರದ ಗಳ ಇಟ್ಟು ದಾಟಿಸುತ್ತೇನೆ. ಟ್ರಾಟ್ ಮಾಡಿಸುತ್ತೇನೆ. ಇದರಿಂದ ಒಂದೇ ಬದಿಯ ಕಾಲುಗಳು ಅಂಟಿಕೊಳ್ಳುವುದು ಬಿಡುತ್ತದೆ. ಆಮೇಲೆ ಚುರುಕು ನಡಿಗೆಯಿಂದ, ಬೆನ್ನು ನೆಟ್ಟಗೆ ಮಾಡಿ ಕೂತು, ಲಗಾಮು ಹಿಡಿದ ಕೈಯನ್ನು ಒಂದು ಕ್ಷಣ ಬಿಗಿ ಮಾಡಿ ಸಡಿಲಿಸುತ್ತೇನೆ. ನಾಲ್ಕಾರು ಹೆಜ್ಜೆ ಟೋಲ್ಟ್ ಬಂದರೆ ಸಾಕು, ಅದು ಕೆಡುವ ಮೊದಲೇ ಮತ್ತೆ ನಡಿಗೆ. ನೂರು ಮೀಟರ್ ಹರಕುಮುರುಕು ಟೋಲ್ಟ್‌ಗಿಂತ ಆ ನಾಲ್ಕು ಹೆಜ್ಜೆ ಮೇಲು. ಇಷ್ಟಾದರೂ ಸುಧಾರಿಸದಿದ್ದರೆ ಜೀನು ಹೆಗಲಿಗೆ ಒತ್ತುತ್ತಿದೆಯಾ ನೋಡಿ, ಹಿಂಗಾಲಿನ ಹಿಮ್ಮಡಿ ಕೀಲನ್ನು (ಹಾಕ್) ವೈದ್ಯರಿಗೆ ತೋರಿಸಿ. ಈ ತಳಿಯಲ್ಲಿ ಅಲ್ಲಿ ಕೀಲು ಸವೆತ ಸಾಮಾನ್ಯ.

ಆತುರ ಎಲ್ಲಿಗೆ ಒಯ್ಯುತ್ತದೆ ಅನ್ನುವುದು ಗೊತ್ತಿರಲಿ. ನಾಲಿಗೆಯ ಮೇಲೆ ಕಮಾನಿನಂತೆ ಬಾಗಿದ ಸನ್ನೆಕೋಲಿನಂತೆ ಒತ್ತುವ ಒಂದು ಬಗೆಯ ಕಡಿವಾಣದಿಂದ ಸ್ಪರ್ಧೆಯ ಕುದುರೆಗಳ ದವಡೆಯಲ್ಲಿ ಗಾಯಗಳು ಕಂಡುಬಂದು, 2014ರಲ್ಲಿ ಐಸ್‌ಲ್ಯಾಂಡ್ ಕುದುರೆಗಳ ಅಂತಾರಾಷ್ಟ್ರೀಯ ಒಕ್ಕೂಟ ಅದನ್ನು ಸ್ಪರ್ಧೆಗಳಲ್ಲಿ ನಿಷೇಧಿಸಿತು. ಅಮೆರಿಕದಲ್ಲಿ ಟೆನೆಸಿ ಕುದುರೆಗಳು ಕಾಲು ಎತ್ತೆತ್ತಿ ಹಾಕಲಿ ಅಂತ ಕಾಲಿಗೆ ರಾಸಾಯನಿಕ ಹಚ್ಚಿ ಉರಿಸುತ್ತಿದ್ದರು. ಅದರ ವಿರುದ್ಧ 1970ರಲ್ಲೇ ಕಾನೂನು ಬಂದರೂ ಕ್ರೌರ್ಯ ಪೂರ್ತಿ ನಿಂತಿಲ್ಲ. ಅಂಥ ನಡೆ ನೋಡಿ ಚಪ್ಪಾಳೆ ಹೊಡೆಯುವುದು ನನ್ನಿಂದ ಆಗದು.

ಕೊಳ್ಳುವವರಿಗೆ ಇನ್ನೊಂದು ಮಾತು. ಐಸ್‌ಲ್ಯಾಂಡ್ ಬಿಟ್ಟ ಕುದುರೆ ಮತ್ತೆ ಅಲ್ಲಿಗೆ ಹೋಗುವಂತಿಲ್ಲ. ಹೊರಗಿನ ಕುದುರೆಗೂ ಪ್ರವೇಶವಿಲ್ಲ. ಅಲ್ಲದೆ, ಅಲ್ಲಿ ಹುಟ್ಟಿದ ಕುದುರೆಗೆ ಯುರೋಪಿನ ಮುಖ್ಯ ನೆಲದ ಕಚ್ಚುವ ನುಸಿ ಹೊಸದು. ಕೆಲವೇ ಬೇಸಿಗೆಯೊಳಗೆ ಎಷ್ಟೋ ಕುದುರೆಗಳು ಜೂಲು, ಬಾಲದ ಬುಡ ರಕ್ತ ಬರುವಷ್ಟು ಉಜ್ಜಿಕೊಳ್ಳುತ್ತವೆ. ಹೊರಗೆ ಹುಟ್ಟಿದವುಗಳಿಗೆ ಈ ಕಾಟ ಕಡಿಮೆ. ನಿಮ್ಮ ಹೊಲ ಕೆರೆ, ಜೌಗಿನ ಪಕ್ಕ ಇದ್ದರೆ ಜರ್ಮನಿಯಲ್ಲೇ ಹುಟ್ಟಿದ ಕುದುರೆಯನ್ನು ಹುಡುಕಿ. ಹುಲ್ಲು ಜಾಸ್ತಿ ಬಿಡಬೇಡಿ. ಬಡ ಮೇವಿನಲ್ಲೇ ಬದುಕಲು ಒಗ್ಗಿದ ಜೀವ ಇದು, ಬೇಗ ಬೊಜ್ಜು ಬಂದು ಗೊರಸಿನ ಉರಿಯೂತಕ್ಕೆ ಸಿಕ್ಕಿಬೀಳುತ್ತದೆ. ಒಂಟಿಯಾಗಿಯೂ ಇಡಬೇಡಿ. ಎರಡನೆಯದಕ್ಕೆ ಜಾಗ, ದುಡ್ಡು ಇಲ್ಲದಿದ್ದರೆ ಹಿಂಡು ಇರುವ ಲಾಯದಲ್ಲಿ ಬಾಡಿಗೆ ಕೊಟ್ಟು ಇರಿಸಿ.