‘ಒಂದು ವೆಬ್‌ಸೈಟ್‌ಗೆ ಎಷ್ಟಾಗುತ್ತೆ?’ ಅಂತ ಕೇಳಿದರೆ ಏನು ಹೇಳಬೇಕು?

ಪ್ರಶ್ನೆ: ಮನೆಯಿಂದಲೇ ವೆಬ್ ಡಿಸೈನ್ ಮತ್ತು ಡಿಜಿಟಲ್ ಚಿತ್ರಗಳ ಕೆಲಸ ಶುರು ಮಾಡಿದ್ದೇನೆ. ಯಾರಾದರೂ ಫೋನ್ ಮಾಡಿ ‘ಸಿಂಪಲ್ ಆಗಿ ಒಂದು ವೆಬ್‌ಸೈಟ್, ಮೂರು ಚಿತ್ರ, ಎಷ್ಟಾಗುತ್ತೆ?’ ಎಂದರೆ ಬಾಯಿಗೆ ಬಂದ ಮೊತ್ತ ಹೇಳಿಬಿಡುತ್ತೇನೆ. ತಿಂಗಳಾನುಗಟ್ಟಲೆ ಕೆಲಸ ಎಳೆದು ಕೊನೆಗೆ ಕೈಗೇನೂ ಉಳಿಯುವುದಿಲ್ಲ. ಸರಿಯಾದ ರೇಟು ಕಟ್ಟುವುದು ಹೇಗೆ?

ಉತ್ತರ: ಮೊದಲಿಗೆ, ಫೋನಿನಲ್ಲಿ ಮೊತ್ತ ಹೇಳಲೇಬೇಡಿ. ‘ಏನೇನು ಬೇಕು ಅಂತ ತಿಳ್ಕೊಂಡು ನಾಳೆ ಸಂಜೆಯೊಳಗೆ ಬರೆದು ಕಳಿಸ್ತೀನಿ ಸಾರ್’ ಅಂದರೆ ಯಾರೂ ಬೇಜಾರಾಗುವುದಿಲ್ಲ. ಅಷ್ಟಕ್ಕೇ ಬೇಜಾರಾಗಿ ಫೋನ್ ಇಟ್ಟವರು ಬರೀ ಚೌಕಾಸಿಗೆ ಬಂದವರು, ಬಿಟ್ಟುಬಿಡಿ. ಕೈಗೆ ಏನೂ ಉಳಿಯದೆ ಹೋಗುವುದಕ್ಕೆ ಬಹಳ ಸಲ ಕಡಿಮೆ ರೇಟು ಕಾರಣವೇ ಅಲ್ಲ. ಲೆಕ್ಕಕ್ಕೆ ಹಿಡಿಯದ ಗಂಟೆಗಳು ಮತ್ತು ಬರೆದಿಡದ ಮಾತುಗಳು ಆ ದುಡ್ಡನ್ನು ತಿಂದಿರುತ್ತವೆ.

ಗಂಟೆಯ ಬೆಲೆಯಿಂದ ಶುರು ಮಾಡೋಣ. ಕ್ಲೈಂಟ್‌ಗೆ ಗಂಟೆ ಲೆಕ್ಕದಲ್ಲಿ ಬಿಲ್ ಕೊಡದಿದ್ದರೂ ನಿಮ್ಮ ಗಂಟೆಯ ಬೆಲೆ ನಿಮಗೆ ಗೊತ್ತಿರಬೇಕು. ಒಂದು ಉದಾಹರಣೆ: ಮನೆ ಬಾಡಿಗೆ, ಊಟ, ಓಡಾಟ ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ. ಸಾಫ್ಟ್‌ವೇರ್ ಚಂದಾ, ಫಾಂಟು, ಕ್ಲೌಡ್ ಜಾಗಕ್ಕೆ 4,000. ಇಂಟರ್ನೆಟ್ಟಿಗೆ 1,000. ಲ್ಯಾಪ್‌ಟಾಪ್ 90,000 ಮತ್ತು ಪೆನ್ ಟ್ಯಾಬ್ಲೆಟ್ 9,000 ಕೊಟ್ಟು ತಂದದ್ದು, ಮೂರು ವರ್ಷ ಬಾಳುತ್ತದೆ ಎಂದುಕೊಂಡರೆ ತಿಂಗಳಿಗೆ 2,750. ಆರೋಗ್ಯ ವಿಮೆಗೆ 1,250, ಉಳಿತಾಯಕ್ಕೆ 6,000. ಒಟ್ಟು 45,000.

ಇದನ್ನು ತಿಂಗಳ 176 ಗಂಟೆಯಿಂದ ಭಾಗಿಸಿದರೆ ಸುಮಾರು 256 ರೂಪಾಯಿ ಬರುತ್ತದೆ. ಹೊಸಬರು ತಪ್ಪುವುದು ಇಲ್ಲೇ. ದಿನಕ್ಕೆ 8 ಗಂಟೆಯಂತೆ 22 ದಿನ ಕೂತರೂ ಅಷ್ಟೂ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಕೊಟೇಷನ್ ಬರೆಯುವುದು, ವಾಟ್ಸಾಪ್‌ನಲ್ಲಿ ಉತ್ತರಿಸುವುದು, ಬಾಕಿಗೆ ಬೆನ್ನು ಹತ್ತುವುದು, ಹೊಸ ಟೂಲ್ ಕಲಿಯುವುದು, ಪೋರ್ಟ್‌ಫೋಲಿಯೋ ಹೊಸದು ಮಾಡುವುದು, ಕರೆಂಟು ಹೋದಾಗ ಸುಮ್ಮನೆ ಕೂರುವುದು ಎಲ್ಲ ಅದರೊಳಗೇ ಬರುತ್ತವೆ. ಬಿಲ್ ಮಾಡಬಹುದಾದದ್ದು ಅರ್ಧದಷ್ಟು, 90 ಗಂಟೆ ಎಂದಿಟ್ಟುಕೊಳ್ಳಿ. 45,000ವನ್ನು 90ರಿಂದ ಭಾಗಿಸಿದರೆ 500. ಕೆಲಸವೇ ಬಾರದ ತಿಂಗಳುಗಳಿಗೂ ತೆರಿಗೆಗೂ ಶೇ 20 ಸೇರಿಸಿದರೆ ಗಂಟೆಗೆ 600. ನಿಮ್ಮ ಖರ್ಚು ಬೇರೆ ಇದ್ದರೆ ಅಂಕಿಗಳೂ ಬೇರೆಯಾಗುತ್ತವೆ, ಲೆಕ್ಕದ ದಾರಿ ಇದೇ.

ಈಗ ಕೆಲಸ. ಶಿರಸಿ ಕಡೆಯ ಒಂದು ಹೋಂಸ್ಟೇಗೆ ಆರು ಪುಟಗಳ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವ ವೆಬ್‌ಸೈಟ್ ಬೇಕು, ಜೊತೆಗೆ ಮೂರು ಚಿತ್ರ ಎಂದುಕೊಳ್ಳಿ. ಗಂಟೆಗಳು ಹೀಗೆ ಬೀಳುತ್ತವೆ:

ಮಾತುಕತೆ, ಯಾವ ಪುಟದಲ್ಲಿ ಏನು ಎಂಬ ನಕ್ಷೆ: 6
ಮೊಬೈಲ್ ಮತ್ತು ಕಂಪ್ಯೂಟರ್ ಪರದೆಗೆ ಡಿಸೈನ್: 16
ವರ್ಡ್‌ಪ್ರೆಸ್‌ನಲ್ಲಿ ಕಟ್ಟುವುದು: 22
ಕನ್ನಡ ಪಠ್ಯ ಸರಿಪಡಿಸುವುದು: 6
ಚಿತ್ರಗಳು, ಒಂದಕ್ಕೆ 7ರಂತೆ: 21
ಎರಡು ಸುತ್ತು ತಿದ್ದುಪಡಿ: 10
ಪರೀಕ್ಷೆ, ಫಾರ್ಮ್, ಲೈವ್ ಮಾಡುವುದು, ಕ್ಲೈಂಟ್‌ಗೆ ಹೇಳಿಕೊಡುವುದು: 7

ಒಟ್ಟು 88 ಗಂಟೆ, 52,800 ರೂಪಾಯಿ. ಅಂದಾಜು ತಪ್ಪುವುದು ಖಂಡಿತ, ಅದಕ್ಕೆ ಶೇ 15 ಸೇರಿಸಿದರೆ 60,720. ಕೊಟೇಷನ್ನಿನಲ್ಲಿ 60,000 ಎಂದು ಬರೆಯಿರಿ. ಗಂಟೆಯ ವಿವರ ಮಾತ್ರ ನಿಮ್ಮ ಹತ್ತಿರವೇ ಇರಲಿ. ಅದನ್ನು ಕಳಿಸಿದರೆ ‘ಡಿಸೈನ್‌ಗೆ 16 ಗಂಟೆ ಯಾಕೆ, 8 ಸಾಕಲ್ವಾ’ ಎಂಬ ಚರ್ಚೆ ಶುರುವಾಗುತ್ತದೆ. ಕ್ಲೈಂಟ್‌ಗೆ ಹೋಗಬೇಕಾದದ್ದು ಎಷ್ಟು ಪುಟ, ಎಷ್ಟು ಚಿತ್ರ, ಎಷ್ಟು ಸುತ್ತು, ಎಷ್ಟು ದಿನ ಎಂಬ ಪಟ್ಟಿ.

‘ನಮ್ಮ ಬಜೆಟ್ 25,000 ಅಷ್ಟೇ’ ಎಂದರೆ ರೇಟು ಇಳಿಸಬೇಡಿ, ಕೆಲಸ ಇಳಿಸಿ. ಎರಡೂ ಭಾಷೆಯಲ್ಲಿ ಒಂದೇ ಉದ್ದ ಪುಟ, ಒಂದು ಚಿತ್ರ, ಒಂದು ಸುತ್ತು ತಿದ್ದುಪಡಿ: 39 ಗಂಟೆಯಲ್ಲಿ ಮುಗಿಯುತ್ತದೆ, 23,400 ರೂಪಾಯಿ. ಅದೇ ಆರು ಪುಟವನ್ನು 25,000ಕ್ಕೆ ಒಪ್ಪಿಕೊಂಡರೆ, ಮೊದಲು ಹೇಳಿದ 60,000 ಬರೀ ಬಾಯಿಮಾತು ಎಂದು ನೀವೇ ಒಪ್ಪಿಕೊಂಡ ಹಾಗೆ. ಮುಂದಿನ ಕೆಲಸಕ್ಕೂ ಅವರು ಅದೇ ಬೆಲೆ ಹಿಡಿದು ಬರುತ್ತಾರೆ.

ಆ ಪಟ್ಟಿಯಲ್ಲಿ ಕನ್ನಡ ಪಠ್ಯಕ್ಕೆ 6 ಗಂಟೆ ಇಟ್ಟಿದ್ದನ್ನು ನೋಡಿ ಕೆಲವರು ನಗಬಹುದು. ಕಾಪಿ, ಪೇಸ್ಟ್ ಮಾಡಿದರಾಯಿತಲ್ಲ ಎಂದು. ಆದರೆ ಕರ್ನಾಟಕದಲ್ಲಿ ಕೆಲಸ ಮಾಡುವ ವೆಬ್ ಡಿಸೈನರ್‌ಗಳ ಸಮಯ ಸೋರಿಹೋಗುವ ಮುಖ್ಯ ಜಾಗ ಇದು. ಕ್ಲೈಂಟ್ ಕೊಡುವ ವರ್ಡ್ ಫೈಲ್ ಅಥವಾ ಬ್ರೋಷರ್ ಎಷ್ಟೋ ಸಲ ಡಿಟಿಪಿ ಅಂಗಡಿಯಲ್ಲಿ ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಟೈಪ್ ಆಗಿರುತ್ತದೆ. ಆ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕಣ್ಣಿಗೆ ಕಾಣುವುದಷ್ಟೇ ಕನ್ನಡ. ವೆಬ್‌ಸೈಟಿಗೆ ಹಾಕಿದ ಕೂಡಲೇ ಚಿಹ್ನೆಗಳ ಗೊಂಚಲಾಗಿ ಬೀಳುತ್ತದೆ. ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತವಿರುವ ಪದ್ಧತಿ) ಬದಲಿಸಬಹುದು, ಆದರೆ ಬದಲಿಸಿದ ಮೇಲೆ ಒಂದೊಂದು ಸಾಲನ್ನೂ ಓದಲೇಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ದೀರ್ಘದ ಗುರುತು ಕಳಚಿರುತ್ತದೆ. ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆ ಬಿದ್ದುಹೋಗಿ ‘ವೆಬ್‌ಸೈಟ್’ ಎಂಬುದು ‘ವೆಬ್ಸೈಟ್’ ಆಗಿ, ಸ ಅಕ್ಷರ ಒತ್ತಾಗಿ ಕೆಳಗೆ ಹೋಗಿ ಕೂತಿರುತ್ತದೆ. ಒಂದು ಎ4 ಪುಟಕ್ಕೆ ಅರ್ಧ ಗಂಟೆ ಬೇಕೇ ಬೇಕು. ಕೊಟೇಷನ್ನಿನಲ್ಲಿ ‘ಪಠ್ಯವನ್ನು ಯೂನಿಕೋಡ್‌ನಲ್ಲಿ ಕೊಡಬೇಕು, ಇಲ್ಲದಿದ್ದರೆ ಪುಟಕ್ಕೆ ಇಷ್ಟು’ ಎಂದು ಒಂದು ಸಾಲು ಬರೆಯಿರಿ.

ಡಿಸೈನ್ ಹಂತದಲ್ಲೂ ಕನ್ನಡಕ್ಕೆ ಬೇರೆ ಲೆಕ್ಕವೇ ಬೇಕು. ಇಂಗ್ಲಿಷ್‌ಗೆ ಅಕ್ಷರದ ಗಾತ್ರದ 1.4 ಅಥವಾ 1.5 ಪಟ್ಟು ಸಾಲಿನ ಎತ್ತರ ಸಾಕು, ಕನ್ನಡಕ್ಕೆ 1.6ರಿಂದ 1.7 ಕೊಡಿ. ಕೊಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಬಟನ್‌ಗಳಿಗೆ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿಯಬೇಡಿ, ‘ಸಂಪರ್ಕಿಸಿ’ ಎಂಬ ಪದದ ತಲೆಯೋ ಬುಡವೋ ಕತ್ತರಿಸಿಹೋಗುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಇಂಗ್ಲಿಷ್ ಶೋಕಿ ಕನ್ನಡಕ್ಕೆ ಬೇಡ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2, ತಿರೋ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ತಿರೋದಲ್ಲಿ ಬೋಲ್ಡ್ ಇಲ್ಲ ಎಂಬುದು ನೆನಪಿರಲಿ. ಶೀರ್ಷಿಕೆಗೆ ಬೋಲ್ಡ್ ಕೊಟ್ಟರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ, ಒಳಗಿನ ಸುಳಿಗಳೆಲ್ಲ ಮುಚ್ಚಿಕೊಳ್ಳುತ್ತವೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಫಾಂಟನ್ನು ಬೈಯುವ ಮೊದಲು ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ’ ಆಯ್ಕೆ ಇದೆಯೇ ನೋಡಿ.

ಚಿತ್ರಕ್ಕೆ ಬೆಲೆ ಹೇಳುವ ಮೊದಲು ಕೇಳಬೇಕಾದ ಪ್ರಶ್ನೆ: ಇದು ಎಲ್ಲೆಲ್ಲಿ ಬಳಕೆಯಾಗುತ್ತದೆ? ವೆಬ್‌ಸೈಟಿನ ಮುಖಪುಟಕ್ಕೆ 1920 ಪಿಕ್ಸೆಲ್ ಅಗಲ ಸಾಕು. ಎ4 ಬ್ರೋಷರ್‌ಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 2480 × 3508 ಪಿಕ್ಸೆಲ್ ಬೇಕು. ಎರಡು ತಿಂಗಳ ನಂತರ ಕ್ಲೈಂಟ್ ಅದೇ ಚಿತ್ರವನ್ನು ಆರಡಿ ಅಗಲದ ಫ್ಲೆಕ್ಸ್‌ಗೆ ಕೊಟ್ಟರೆ ಇಂಚಿಗೆ 27 ಪಿಕ್ಸೆಲ್ ಕೂಡ ಸಿಗದೆ ಚಿತ್ರ ಮಸುಕಾಗುತ್ತದೆ, ಬೈಗುಳ ಬರುವುದು ನಿಮಗೆ. ಫ್ಲೆಕ್ಸ್ ದೂರದಿಂದ ನೋಡುವುದಾದ್ದರಿಂದ 72 ಡಿಪಿಐ ನಡೆಯುತ್ತದೆ, ಆದರೂ ಆರಡಿಗೆ 5184 ಪಿಕ್ಸೆಲ್ ಅಗಲ ಬೇಕು. ಬಣ್ಣದ ವಿಷಯವನ್ನೂ ಮೊದಲೇ ಹೇಳಿ. ಪರದೆಯ ಆರ್‌ಜಿಬಿಯಲ್ಲಿ ಹೊಳೆಯುವ ಗಿಳಿಹಸಿರು, ತಿಳಿನೀಲಿ ಅಚ್ಚಿನ ಸಿಎಂವೈಕೆಗೆ ಹೋದಾಗ ಮಂಕಾಗುತ್ತವೆ. ಅದು ಪ್ರೆಸ್‌ನವರ ತಪ್ಪಲ್ಲ, ಆ ಬಣ್ಣ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಅಚ್ಚಿಗೂ ಹೋಗುವ ಚಿತ್ರವಾದರೆ ಆರಂಭದಿಂದಲೇ ದೊಡ್ಡ ಕ್ಯಾನ್‌ವಾಸ್‌ನಲ್ಲಿ ಬರೆಯಿರಿ, ಬೆಲೆಯೂ ಹೆಚ್ಚಿಗೆ ಹಾಕಿ.

ಹಕ್ಕಿನ ಬಗ್ಗೆ ಬಹಳ ಜನ ‘ಬರೆದವನೇ ಒಡೆಯ’ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಪೂರ್ತಿ ನಿಜವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್ ಮತ್ತು ಭಾವಚಿತ್ರಗಳ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ. ಡಿಜಿಟಲ್ ಚಿತ್ರ ಪೇಂಟಿಂಗ್ ಹೌದೋ ಅಲ್ಲವೋ ಎಂದು ವಾದಿಸುವ ಸ್ಥಿತಿಗೆ ಹೋಗುವುದಕ್ಕಿಂತ ಎರಡು ಸಾಲು ಬರೆದಿಡುವುದು ಅಗ್ಗ. ಹಕ್ಕು ಬಿಟ್ಟುಕೊಡುವುದಾದರೂ 19ನೇ ಸೆಕ್ಷನ್ ಪ್ರಕಾರ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಅರ್ಥ. ‘ವೆಬ್‌ಸೈಟ್ ಮತ್ತು ಸೋಷಿಯಲ್ ಮೀಡಿಯಾ ಬಳಕೆಗೆ, ಅಚ್ಚಿಗೆ ಪ್ರತ್ಯೇಕ ಶುಲ್ಕ, ಲೇಯರ್ ಇರುವ ಮೂಲ ಫೈಲ್ ಸೇರಿಲ್ಲ’ ಎಂದು ಕೊಟೇಷನ್ನಿನಲ್ಲೇ ಹಾಕಿ, ಇಬ್ಬರೂ ಸಹಿ ಮಾಡಿ.

ತಿದ್ದುಪಡಿಯ ಸುತ್ತು ಎಂದರೇನು ಎಂಬುದನ್ನೂ ಬಿಡಿಸಿ ಬರೆಯಬೇಕು. ಎಲ್ಲ ತಿದ್ದುಪಡಿಗಳನ್ನೂ ಒಂದೇ ಮೇಲ್‌ನಲ್ಲಿ, ಒಬ್ಬರೇ ಕಳಿಸಿದರೆ ಅದು ಒಂದು ಸುತ್ತು. ಯಜಮಾನರದ್ದು ಬೆಳಿಗ್ಗೆ, ಅವರ ಭಾವಮೈದುನನದ್ದು ರಾತ್ರಿ ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಬಂದರೆ ಲೆಕ್ಕ ಹಿಡಿಯಲು ಸಾಧ್ಯವಿಲ್ಲ. ಒಪ್ಪಿಗೆ ಕೊಡುವ ವ್ಯಕ್ತಿ ಯಾರು ಎಂಬ ಹೆಸರು ಮೊದಲ ದಿನವೇ ಗೊತ್ತಾಗಲಿ. ಬಣ್ಣ ಬದಲಿಸುವುದು ತಿದ್ದುಪಡಿ. ಒಪ್ಪಿದ ಡಿಸೈನ್ ಬಿಟ್ಟು ಬೇರೆ ಮಾಡಿ ಎನ್ನುವುದು ಹೊಸ ಕೆಲಸ.

ದುಡ್ಡು ಮೂರು ಕಂತಿನಲ್ಲಿ ಬರಲಿ: ಶುರು ಮಾಡುವ ಮೊದಲು 24,000, ಡಿಸೈನ್ ಒಪ್ಪಿದಾಗ 18,000, ಲೈವ್ ಆಗುವ ಮೊದಲು 18,000. ಅಡ್ವಾನ್ಸ್ ಕೈಸೇರುವ ತನಕ ಸ್ಯಾಂಪಲ್ ಎಂದು ಒಂದು ಗೆರೆಯನ್ನೂ ಎಳೆಯಬೇಡಿ. ಕೊನೆಯ ಕಂತು ‘ಲೈವ್ ಆದ ಮೇಲೆ’ ಎಂದಿದ್ದರೆ ಅದು ಬರುವುದು ಅವರ ಮರ್ಜಿಗೆ ಬಿಟ್ಟದ್ದು. ಅಲ್ಲಿಯವರೆಗೆ ಸೈಟನ್ನು ನಿಮ್ಮ ಟೆಸ್ಟ್ ವಿಳಾಸದಲ್ಲಿ ತೋರಿಸಿ. ಎರಡನೆಯ ಕಂತಿನ ನಂತರ ಫೋಟೋ, ಪಠ್ಯ ಕೊಡದೆ ಕ್ಲೈಂಟ್ ಮಾಯವಾಗುವುದೂ ಇದೆ. ‘30 ದಿನ ಕಂಟೆಂಟ್ ಬಾರದಿದ್ದರೆ ಆವರೆಗಿನ ಕೆಲಸದ ಬಿಲ್ ಮಾಡಿ ಕಡತ ಮುಚ್ಚಲಾಗುವುದು’ ಎಂಬ ಸಾಲು ಅಂಥವರಿಗಾಗಿ. ಡೊಮೇನ್ (ಸೈಟಿನ ವಿಳಾಸ) ಮತ್ತು ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ) ಈ 60,000ದಲ್ಲಿ ಸೇರಿಸಬೇಡಿ. ಅವರ ಹೆಸರು, ಅವರ ಇಮೇಲ್, ಅವರ ಕಾರ್ಡಿನಲ್ಲೇ ಕೊಳ್ಳಲಿ. ನಿಮ್ಮ ಹೆಸರಿನಲ್ಲಿದ್ದರೆ ಪ್ರತಿ ವರ್ಷ ನವೀಕರಣದ ದುಡ್ಡಿಗೆ ನೀವೇ ಅಲೆಯಬೇಕು. ಬಾಕಿ ವಸೂಲಿಗೆ ಡೊಮೇನ್ ಹಿಡಿದಿಟ್ಟುಕೊಳ್ಳುವುದು ಜಾಣತನ ಎಂದುಕೊಂಡವರಿದ್ದಾರೆ. ಅದರಿಂದ ಜಗಳ ಬೆಳೆಯುತ್ತದೆಯೇ ಹೊರತು ದುಡ್ಡು ಬರುವುದಿಲ್ಲ.

ಬಾಕಿಗೆ ಕಾನೂನಿನ ದಾರಿ ಇದೆ, ಬಳಸುವವರು ಕಡಿಮೆ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಕೊಟ್ಟು ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಿ. ಇದು ಉಚಿತ, ಶುಲ್ಕ ಕೇಳುವ ತಾಣಗಳು ಸರ್ಕಾರದವಲ್ಲ. ಹೀಗೆ ನೋಂದಣಿಯಾದವರಿಗೆ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ಲಿಖಿತ ಒಪ್ಪಂದ ಇದ್ದರೆ ಅದರಲ್ಲಿರುವ ದಿನದೊಳಗೆ, ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಕೆಲಸ ಶುರುವಾಗುವ ಮೊದಲೇ ನೋಂದಣಿ ಆಗಿರಬೇಕು, ಬಾಕಿ ಬಿದ್ದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಕಂಪನಿಗಳ ಲೆಕ್ಕದ ವಿಭಾಗ ಸ್ವಲ್ಪ ಬೇಗ ಕಣ್ಣು ತೆರೆಯುತ್ತದೆ. ಅಂಥ ಬಾಕಿಯನ್ನು ಗಡುವಿನೊಳಗೆ ಕೊಡದಿದ್ದರೆ, ಕೊಡುವ ತನಕ ಅದನ್ನು ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಲು ಅವರಿಗೆ ಆಗುವುದಿಲ್ಲ.

ತೆರಿಗೆ ಚುಟುಕಾಗಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಶೇ 18 ಸೇರಿಸುವುದು ತಪ್ಪು. ವಿದೇಶದ ಕೆಲಸವೂ ಆ 20 ಲಕ್ಷದ ಲೆಕ್ಕಕ್ಕೆ ಬರುತ್ತದೆ. ನಿಮಗೆ ಕೆಲಸ ಕೊಟ್ಟದ್ದು ಕಂಪನಿಯಾದರೆ, ವರ್ಷದ ಶುಲ್ಕ 50,000 ಮೀರಿದಾಗ ಪೂರ್ತಿ ಶುಲ್ಕದಿಂದ ಸಾಮಾನ್ಯವಾಗಿ ಶೇ 10 ಟಿಡಿಎಸ್ (ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ತಾಂತ್ರಿಕ ಸೇವೆಯೆಂದು ಪರಿಗಣಿಸಿದರೆ ಶೇ 2. ಶೇ 10ರ ಲೆಕ್ಕದಲ್ಲಿ 60,000ದ ಬಿಲ್ಲಿಗೆ ಖಾತೆಗೆ ಬರುವುದು 54,000. ಉಳಿದದ್ದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಲೈವ್ ಆದ ಮೇಲಿನ ಕೆಲಸ. 30 ದಿನದೊಳಗೆ ಕಂಡ ದೋಷ ಸರಿಪಡಿಸುವುದು ಪುಕ್ಕಟೆ, ಅದು 60,000ದಲ್ಲೇ ಸೇರಿದೆ. ನಂತರ ವರ್ಡ್‌ಪ್ರೆಸ್ ಮತ್ತು ಪ್ಲಗಿನ್ ಅಪ್‌ಡೇಟ್, ಬ್ಯಾಕಪ್, ‘ದಸರಾ ಆಫರ್ ಹಾಕಿ’ ಎಂಬಂಥ ಸಣ್ಣ ಬದಲಾವಣೆಗೆ ತಿಂಗಳಿಗೆ 2 ಗಂಟೆ ಹಿಡಿದರೆ ವರ್ಷಕ್ಕೆ 14,400 ರೂಪಾಯಿ. ಅದನ್ನು ವರ್ಷದ ಮೊದಲೇ ಪಡೆಯಿರಿ. ಬೇಡ ಎಂದರೆ ಪೂರ್ತಿ ಬ್ಯಾಕಪ್ ಮತ್ತು ಪಾಸ್‌ವರ್ಡ್‌ಗಳನ್ನು ಒಪ್ಪಿಸಿ, ‘ಇಂದಿನಿಂದ ಅಪ್‌ಡೇಟ್ ನಿಮ್ಮ ಹೊಣೆ’ ಎಂದು ಮೇಲ್ ಕಳಿಸಿ, ನಿಮ್ಮ ಲಾಗಿನ್ ಅಳಿಸಿಹಾಕಿ.