ಪೈಕ್ ಹಿಡಿಯೋರ ಉಪಾಯ ಕಾರಂಜಾದ ತಿಳಿನೀರಿನಲ್ಲಿ ನಡೆಯುತ್ತಾ?

ಪ್ರಶ್ನೆ: ನಾನು ಭಾಲ್ಕಿ ಕಡೆಯವನು. ಕೆನಡಾ, ಸ್ವೀಡನ್ ಸರೋವರಗಳಲ್ಲಿ ನಾರ್ದರ್ನ್ ಪೈಕ್ ಮೀನು ಹಿಡಿಯುವ ವಿಡಿಯೋಗಳನ್ನು ತುಂಬಾ ನೋಡುತ್ತೇನೆ. ಅಲ್ಲಿಯ ಹಾಗೆ ನಮ್ಮ ಕಾರಂಜಾ ಜಲಾಶಯದ ಹಿನ್ನೀರೂ ಚಳಿಗಾಲದಲ್ಲಿ ತಿಳಿಯಾಗುತ್ತದೆ. ಮುರೆಲ್ ಮೀನು ಕಣ್ಣಿಗೆ ಕಾಣುತ್ತದೆ, ಲ್ಯೂರ್ (ಗಾಳದ ನಕಲಿ ಎರೆ) ಹಿಂದೆ ದಡದವರೆಗೂ ಬರುತ್ತದೆ, ಆದರೆ ಕಚ್ಚದೆ ತಿರುಗಿ ಹೋಗುತ್ತದೆ. ಪೈಕ್ ಹಿಡಿಯೋರ ಉಪಾಯ ಇಲ್ಲಿ ನಡೆಯುತ್ತಾ ಸರ್?

ಉತ್ತರ: ಅರ್ಧ ನಡೆಯುತ್ತದೆ. ಮೀನಿನ ಕಣ್ಣಿಗೆ ಸಂಬಂಧಪಟ್ಟಿದ್ದನ್ನು ಧಾರಾಳವಾಗಿ ತೆಗೆದುಕೊಳ್ಳಿ. ತಣ್ಣೀರಿಗೆ ಸಂಬಂಧಪಟ್ಟಿದ್ದನ್ನು ಬಿಟ್ಟುಬಿಡಿ.

ಪೈಕ್ ಚಳಿ ಸೀಮೆಯ ಮೀನು. ಹಿಮ ಕರಗುತ್ತಿದ್ದ ಹಾಗೆ ದಡದ ಹುಲ್ಲಿನಲ್ಲಿ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ನೀರು 20 ಡಿಗ್ರಿ ದಾಟಿದರೆ ದೊಡ್ಡ ಪೈಕ್‌ಗಳು ತಂಪು ಹುಡುಕಿಕೊಂಡು ಆಳಕ್ಕೆ ಇಳಿಯುತ್ತವೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಡೆ ಅದಕ್ಕೆ ಬಾಳುವೆಯಿಲ್ಲ. ಮರಿ ತಂದು ಬಿಟ್ಟರೆ ಹೇಗೆ ಅಂತಲೂ ಕೆಲವರು ಕೇಳುತ್ತಾರೆ. ದಯವಿಟ್ಟು ಆ ಯೋಚನೆಯೇ ಬೇಡ. ಕ್ಯಾಲಿಫೋರ್ನಿಯಾದ ಲೇಕ್ ಡೇವಿಸ್‌ನಲ್ಲಿ ಹೊರಗಿನಿಂದ ಬಂದು ಸೇರಿಕೊಂಡ ಪೈಕ್ ತೊಲಗಿಸಲು 1997ರಲ್ಲಿ ಇಡೀ ಸರೋವರಕ್ಕೆ ವಿಷ ಹಾಕಿದರು. ಎರಡೇ ವರ್ಷದಲ್ಲಿ ಪೈಕ್ ಮತ್ತೆ ಕಾಣಿಸಿತು. 2007ರಲ್ಲಿ ಇನ್ನೊಮ್ಮೆ ವಿಷ ಹಾಕಬೇಕಾಯಿತು.

ಪೈಕ್ ಅಲ್ಲಿ ಮಾಡುವ ಕೆಲಸವನ್ನು ನಮ್ಮಲ್ಲಿ ಮುರೆಲ್ ಮಾಡುತ್ತದೆ. ತೆಲಂಗಾಣ ಗಡಿಯವರು ಕೊರಮೀನು ಅನ್ನುವುದು ಇದಕ್ಕೇ. ಎರಡೂ ಜಂಡಿನ (ನೀರಿನಲ್ಲಿ ಬೆಳೆಯುವ ಹುಲ್ಲಿನ) ಅಂಚಿನಲ್ಲಿ ಅಲ್ಲಾಡದೆ ಹೊಂಚು ಹಾಕುತ್ತವೆ, ಬೇಟೆ ಹತ್ತಿರ ಬಂದಾಗ ಒಂದೇ ಏಟಿಗೆ ನುಗ್ಗುತ್ತವೆ. ಎರಡೂ ಕಣ್ಣನ್ನು ನಂಬಿ ಬದುಕುವ ಮೀನುಗಳು. ಮಳೆಗಾಲದಲ್ಲಿ ಕರಿಮಣ್ಣು ಕದಡಿ ನೀರು ಚಹಾದ ಬಣ್ಣಕ್ಕೆ ತಿರುಗಿದಾಗ ನೀವು ಹೇಗೆ ನಿಂತರೂ ಅಷ್ಟು ತೊಂದರೆಯಿಲ್ಲ. ಮಣ್ಣು ತಳಕ್ಕೆ ಕೂತ ಮೇಲೆ ಆಟ ಬೇರೆ. ಮೀನು ನಿಮಗೆ ಕಾಣುತ್ತಿದೆ ಅಂದರೆ ನೀವು ಅದಕ್ಕೆ ಆಗಲೇ ಕಂಡಿದ್ದೀರಿ ಅಂತ ಲೆಕ್ಕ. ನಿಮ್ಮ ಮುರೆಲ್ ದಡದವರೆಗೆ ಬಂದು ತಿರುಗುವುದಕ್ಕೆ ಮುಖ್ಯ ಕಾರಣ ಇದೇ ಅಂತ ನನ್ನ ನಂಬಿಕೆ. ಲ್ಯೂರ್ ಬದಲಿಸಿ ಬದಲಿಸಿ ದುಡ್ಡು ಕಳೆಯುವವರನ್ನು ನೋಡಿದಾಗ ಬೇಜಾರಾಗುತ್ತದೆ, ಏಕೆಂದರೆ ತಪ್ಪು ಲ್ಯೂರಿನದ್ದಲ್ಲ, ನಿಂತ ಜಾಗದ್ದು.

ಮೀನಿಗೆ ಹೊರಗಿನದು ಹೇಗೆ ಕಾಣುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬೆಳಕು ನೀರಿಗೆ ಇಳಿಯುವಾಗ ಬಾಗುತ್ತದೆ. ಹಾಗಾಗಿ ಮೀನಿಗೆ ಹೊರಗಿನ ಇಡೀ ಲೋಕ ತಲೆಯ ಮೇಲಿನ ಒಂದು ದುಂಡನೆ ಕಿಟಕಿಯೊಳಗೇ ಕಾಣುತ್ತದೆ, ಬಾವಿಯ ತಳದಿಂದ ಮೇಲೆ ನೋಡಿದ ಹಾಗೆ. ಮೀನು ಒಂದು ಮೀಟರ್ ಆಳದಲ್ಲಿದ್ದರೆ ಆ ಕಿಟಕಿಯ ಅಗಲ ಸುಮಾರು ಎರಡೂಕಾಲು ಮೀಟರ್. ದಡದ ಗಿಡ, ದನ, ಮನುಷ್ಯ ಎಲ್ಲಾ ಆ ಕಿಟಕಿಯ ಅಂಚಿನಲ್ಲಿ ಹಿಂಡಿಕೊಂಡು ಕಾಣುತ್ತವೆ. ನೀರಿನ ಮಟ್ಟದಿಂದ ಮೇಲಕ್ಕೆ 10 ಡಿಗ್ರಿಯೊಳಗೆ ಇರುವುದು ಎಷ್ಟು ಅಪ್ಪಚ್ಚಿಯಾಗಿರುತ್ತದೆ ಅಂದರೆ, ಕಂಡೂ ಕಾಣದ ಹಾಗೆ.

ಇದನ್ನು ದಡಕ್ಕೆ ತಂದು ನೋಡಿ. ಮೀನು 30 ಅಡಿ ದೂರ ಇದ್ದರೆ, ನೀರಿನ ಮಟ್ಟದಿಂದ ಸುಮಾರು ಐದು ಅಡಿ ಎತ್ತರದೊಳಗೆ ಇರುವುದು ಅದರ ಗಮನಕ್ಕೆ ಬರುವುದು ಕಡಿಮೆ. 15 ಅಡಿಗೆ ಬಂದರೆ ಆ ಎತ್ತರ ಎರಡೂವರೆ ಅಡಿಗೆ ಇಳಿಯುತ್ತದೆ. ನಾವೇನು ಮಾಡುತ್ತೇವೆ? ಮೀನು ಚೆನ್ನಾಗಿ ಕಾಣಲಿ ಅಂತ ಏರಿಯ ಕಲ್ಲಿನ ಮೇಲೆ ಹತ್ತಿ ನಿಲ್ಲುತ್ತೇವೆ. ಅಲ್ಲಿ ನಿಮ್ಮ ಎತ್ತರಕ್ಕೆ ಕಲ್ಲಿನ ಎತ್ತರವೂ ಸೇರುತ್ತದೆ ಅಲ್ವಾ? ಕೆಳಗೆ ಇಳಿದು ಕೂತು ಎಸೆಯಿರಿ. ಹಿಂದೆ ಒಂದು ಜಾಲಿ ಗಿಡ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ನೆರಳು ನೀರಿಗೆ ಬೀಳಬಾರದು. ಬಿಳಿ ಅಂಗಿ ಬೇಡ. ಬಂಡೆಯ ಮೇಲೆ ಚಪ್ಪಲಿ ಸದ್ದು ಮಾಡಬೇಡಿ, ಅದರ ಅದುರು ನೀರಿನೊಳಗೆ ಚೆನ್ನಾಗಿ ತಿಳಿಯುತ್ತದೆ.

ಪೈಕ್ ಹಿಡಿಯೋರಿಗೂ ಇದೇ ಕಾಟ. ತಿಳಿನೀರಿನಲ್ಲಿ ಪೈಕ್ ಲ್ಯೂರ್ ಹಿಂದೆ ದೋಣಿಯವರೆಗೂ ಬಂದು ನಿಂತುಬಿಡುತ್ತದೆ. ಆಗ ಅವರು ರಾಡ್ ತುದಿಯನ್ನು ನೀರಿಗೆ ಇಳಿಸಿ ಲ್ಯೂರನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುಗಿಸುತ್ತಾರೆ, ಎಷ್ಟೋ ಸಲ ಮೀನು ಅಲ್ಲೇ ಹೊಡೆಯುತ್ತದೆ. ದಡದಿಂದ ಮುರೆಲ್ ಹಿಡಿಯುವಾಗ ಇದನ್ನು ನಾನು ಹೇಳುವುದಿಲ್ಲ. ಅಷ್ಟು ಹತ್ತಿರ ಬಂದ ಮುರೆಲ್‌ಗೆ ನೀವು ಕಾಣುತ್ತೀರಿ. ಅದರ ಬದಲು ಅವರ ಇನ್ನೊಂದು ಪಾಠ ಹಿಡಿಯಿರಿ: ತಿಳಿನೀರಿನಲ್ಲಿ ಲ್ಯೂರನ್ನು ಪರೀಕ್ಷೆ ಮಾಡಲು ಮೀನಿಗೆ ಟೈಮ್ ಕೊಡಬೇಡಿ. ಫ್ರಾಗ್ ಲ್ಯೂರನ್ನು (ಕಪ್ಪೆಯಾಕಾರದ ಲ್ಯೂರ್) ಜಂಡಿನ ಮೇಲೆ ಬೀಳಿಸಿ, ಮೆಲ್ಲಗೆ ಅಂಚಿಗೆ ತನ್ನಿ, ಒಂದು ಗಳಿಗೆ ನಿಲ್ಲಿಸಿ, ಬಯಲು ನೀರಿಗೆ ಬಂದ ಕೂಡಲೇ ಬಿರುಸಾಗಿ ಎಳೆಯಿರಿ. ಬಣ್ಣ ಮಾಸಲು ಹಸಿರೋ ಕಂದೋ ಸಾಕು. ಹೊಡೆದ ತಕ್ಷಣ ಜಗ್ಗಬೇಡಿ. ದಾರದಲ್ಲಿ ಭಾರ ಬಂದ ಮೇಲೆ ಜಗ್ಗಿ.

ಪೈಕ್‌ನ ಹಲ್ಲಿಗೆ ದಾರ ತುಂಡಾಗುತ್ತದೆ ಅಂತ ಅವರು ತಂತಿ ಕಟ್ಟುತ್ತಾರೆ. ಮುರೆಲ್‌ಗೆ ಅದು ಬೇಕಿಲ್ಲ, ಗಟ್ಟಿ ಬ್ರೇಡ್ (ಹೆಣೆದ) ದಾರ ಸಾಕು.

ನಮ್ಮವರಿಗೆ ಒಂದು ಅನುಕೂಲವಿದೆ, ಪೈಕ್ ಹಿಡಿಯೋರಿಗೆ ಅದು ಇಲ್ಲ. ಮುರೆಲ್ ಗಾಳಿ ಕುಡಿಯಲು ಆಗಾಗ ಮೇಲೆ ಬರಲೇಬೇಕು. ಬೆಳಗಿನ ಜಾವ ಗಾಳಿಯಿಲ್ಲದಾಗ ಗುಳುಕ್ ಅಂತ ಸದ್ದು ಕೇಳುತ್ತದೆ, ನೀರಿನಲ್ಲಿ ಒಂದು ಬಳೆ ಮೂಡುತ್ತದೆ. ಸುಮ್ನೆ ಎಲ್ಲೆಂದರಲ್ಲಿ ಎಸೆಯುವ ಬದಲು ಅದಕ್ಕೆ ಕಾಯಿರಿ. ಬಳೆಯ ಮೇಲೆಯೇ ಲ್ಯೂರ್ ಬೀಳಿಸಬೇಡಿ, ಆಚೆಗೆ ಎಸೆದು ಅದರ ಪಕ್ಕದಿಂದ ಎಳೆದು ತನ್ನಿ. ಬಿಸಿಲೇರಿದ ಮೇಲೆ ಗಾಳಿ ಎದ್ದು ನೀರು ಸಣ್ಣಗೆ ಸುಕ್ಕುಗಟ್ಟಿದರೆ ಮತ್ತೆ ಪ್ರಯತ್ನಿಸಿ. ಆಗ ಆ ಕಿಟಕಿ ಒಡೆದು ಚೂರಾಗುತ್ತದೆ, ಮೀನಿನ ಅನುಮಾನ ಕಡಿಮೆಯಾಗುತ್ತದೆ.

ಎಸೆಯುವ ಮೊದಲು ಅಲ್ಲಿಯ ಮೀನುಗಾರರನ್ನು ಕೇಳಿ. ಕೆರೆ, ಡ್ಯಾಂಗಳ ಮೀನಿನ ಹಕ್ಕು ಗುತ್ತಿಗೆ ಅಥವಾ ಲೈಸೆನ್ಸ್ ಮೇಲೆ ಇರುತ್ತದೆ, ಅದು ಅವರ ಅನ್ನ. ಚಿಂಚೋಳಿಯ ಚಂದ್ರಂಪಳ್ಳಿ ನೀರು ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಅದು ವನ್ಯಜೀವಿ ಧಾಮ, ಗಾಳ ಒಯ್ಯಬೇಡಿ. ಯಾದಗಿರಿ ಕಡೆ ಕೃಷ್ಣೆಯಲ್ಲಿ ಮೊಸಳೆಗಳಿವೆ, ಅಲ್ಲಿ ನೀರಂಚಿಗೆ ಕೂರುವ ನನ್ನ ಸಲಹೆ ಪಾಲಿಸಬೇಡಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಜಂಡಿನ ನಡುವೆ ಕೆಂಪು ಮರಿಗಳ ಗುಂಪು ಮುದ್ದೆಯಾಗಿ ಮೇಲೆ ಕೆಳಗೆ ಆಡುವುದು ಕಾಣುತ್ತದೆ. ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಪೈಕ್ ಮೊಟ್ಟೆ ಇಟ್ಟು ಹೊರಟುಬಿಡುತ್ತದೆ, ಮುರೆಲ್ ಹಾಗಲ್ಲ. ಆಗ ಹತ್ತಿರ ಬಂದ ಎಂಥ ಲ್ಯೂರಿಗೂ ಅದು ಸಿಟ್ಟಿನಿಂದ ಹೊಡೆಯುತ್ತದೆ, ಹಿಡಿಯುವುದು ತುಂಬಾ ಸುಲಭ. ಅದನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನುಗಳು ಮುಗಿಸುತ್ತವೆ. ಆ ಗುಂಪು ಕಂಡರೆ ರೀಲ್ ಸುತ್ತಿಕೊಂಡು ಬೇರೆ ಮೂಲೆಗೆ ಹೋಗಿ.