ಹೊಳೆಬದಿಯ ಗೆರೆ ಎಲ್ಲಿದೆ?

ಕೊಡಿಯಾಲ್‌ಬೈಲ್, ಕದ್ರಿ ಕಂಬಳ. ಮಂಗಳೂರಿನ ಈ ಹೆಸರುಗಳೇ ಹಳೆಯ ಭೂಬಳಕೆ ನಕ್ಷೆ. ಬೈಲು ಎಂದರೆ ತಗ್ಗಿನ ಗದ್ದೆ, ಗುಡ್ಡದಿಂದ ಇಳಿದ ಮಳೆನೀರು ನಿಂತು ಹೋಗುತ್ತಿದ್ದ ಜಾಗ. ಅಂಥ ಕಡೆಗಳಲ್ಲಿ ಈಗ ಫ್ಲ್ಯಾಟುಗಳಿವೆ. 2018ರ ಮೇ 29ರ ಒಂದೇ ದಿನದ ಮಳೆಗೆ ನಗರದ ತಗ್ಗುಪ್ರದೇಶಗಳು ಮುಳುಗಿದ್ದು ನನಗೆ ಅಚ್ಚರಿಯೆನಿಸಲಿಲ್ಲ, ಸಂಕಟವಾಯಿತು.

ಎಲ್ಲಿ ಮನೆ, ಎಲ್ಲಿ ಕೃಷಿ ಎಂದು ಗೊತ್ತುಮಾಡುವುದು ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ಮಾಸ್ಟರ್ ಪ್ಲಾನ್. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ 10 ವರ್ಷಕ್ಕೊಮ್ಮೆಯಾದರೂ ಅದರ ಪರಿಷ್ಕರಣೆ ಆಗಬೇಕು. ಅದು ತಡವಾದಷ್ಟೂ 14ಎ ಕಲಂನಡಿ ಭೂಬಳಕೆ ಬದಲಾವಣೆಗೆ ಒಂದೊಂದೇ ಅರ್ಜಿ ಬರುತ್ತದೆ. ಹೀಗೆ ಐದು ಸೆಂಟ್ಸ್, ಹತ್ತು ಸೆಂಟ್ಸ್ ಎನ್ನುತ್ತಲೇ ಬೈಲು ಯೆಲ್ಲೋ ಜೋನ್, ಅಂದರೆ ವಸತಿ ವಲಯ, ಆಗಿಬಿಡುತ್ತದೆ. ಇಡೀ ಬೈಲಿನ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಯಾವ ಅರ್ಜಿಯಲ್ಲೂ ಇರುವುದಿಲ್ಲ.

ನೇತ್ರಾವತಿ, ಗುರುಪುರ ಹೊಳೆಗಳ ದಡಕ್ಕೆ ಬಂದರೆ ಇನ್ನೊಂದು ನಕ್ಷೆಯೂ ಇದೆ. 1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ ಕಡಲಿನ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ನೆಲವನ್ನು ನಿಯಂತ್ರಣಕ್ಕೆ ತಂದಿತು. ಉಬ್ಬರದ ನೀರು ಏರುವ ಹೊಳೆಗಳಿಗೆ 100 ಮೀಟರ್, ಇಲ್ಲವೇ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 1994ರಲ್ಲಿ ಕೇಂದ್ರ ಅದನ್ನು 50ಕ್ಕೆ ಇಳಿಸಿತು. ಹಾನಿಯಾಗದು ಎಂಬ ಖಚಿತ ಹೇಳಿಕೆಯೇ ಇಲ್ಲದೆ ಹೀಗೆ ಇಳಿಸಿದ್ದನ್ನು 1996ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಕರಾವಳಿ ವಲಯ ನಿರ್ವಹಣಾ ಯೋಜನೆಗಳನ್ನು ರಾಜ್ಯಗಳು ಸಿದ್ಧಪಡಿಸಲೇಬೇಕೆಂದು ಕಟ್ಟುನಿಟ್ಟಾಗಿ ಹೇಳಿದ್ದೂ ಅದೇ ತೀರ್ಪು. 2011ರ ಅಧಿಸೂಚನೆಯಲ್ಲೂ 100 ಮೀಟರ್ ಉಳಿಯಿತು. 2019ರ ಜನವರಿಯ ಅಧಿಸೂಚನೆ ಮತ್ತೆ 50 ಎಂದಿತು. ಕೋರ್ಟು ತಳ್ಳಿಹಾಕಿದ್ದ ಅಳತೆಯೇ 23 ವರ್ಷಗಳ ನಂತರ ನಿಯಮವಾಗಿ ಮರಳಿತು. ಇದನ್ನು ನಾನು ಒಪ್ಪಲಾರೆ.

ದಡದ ಮನೆಯವರ ಕಷ್ಟವೂ ಸಣ್ಣದಲ್ಲ. ಹೊಳೆಗೂ ಕಡಲಿಗೂ ನಡುವಿನ ಮರಳ ಪಟ್ಟಿಯಾದ ಬೆಂಗ್ರೆಯಲ್ಲಿ ಮೀನುಗಾರರು ತಲೆತಲಾಂತರದಿಂದ ಬದುಕಿದ್ದಾರೆ. ಈ ಗೆರೆಗಳನ್ನು ತೋರಿಸುವ ಕರಾವಳಿ ವಲಯ ನಿರ್ವಹಣಾ ಯೋಜನೆಯ ಮೂಲ ನಕ್ಷೆಯ ಅಳತೆ 1:25,000. ಅದರಲ್ಲಿ 50 ಮೀಟರ್ ಎಂದರೆ 2 ಮಿಲಿಮೀಟರ್. ಐದು ಸೆಂಟ್ಸ್ ಜಾಗದ ಒಂದು ಬದಿ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು, ಪೆನ್ನಿನ ಗೆರೆಯಷ್ಟೇ. ಮನೆ ಗೆರೆಯ ಒಳಗೋ ಹೊರಗೋ ಎಂದು ಅದನ್ನು ನೋಡಿ ಹೇಳುವುದು ಹೇಗೆ?

ಸರ್ವೆ ನಂಬರ್ ಕಾಣುವ 1:4,000 ಅಳತೆಯ ನಕ್ಷೆಯಲ್ಲಿ ಅದೇ 50 ಮೀಟರ್ ಹನ್ನೆರಡೂವರೆ ಮಿಲಿಮೀಟರ್ ಆಗುತ್ತದೆ. ಮಾಸ್ಟರ್ ಪ್ಲಾನ್ ಪರಿಷ್ಕರಣೆಗೆ ಕೂರುವವರು ಆ ಹಾಳೆಯ ಮೇಲೆಯೇ ವಲಯದ ಬಣ್ಣ, ಉಬ್ಬರದ ಗೆರೆ, ಬೈಲಿನ ತೋಡು ಮೂರನ್ನೂ ಒಟ್ಟಿಗೆ ಬರೆಯಲಿ. ಆಕ್ಷೇಪಣೆಗೆ ಕರೆಯುವಾಗ ಬೆಂಗ್ರೆಯ ಜನರೆದುರು ಬಿಡಿಸಿಡಬೇಕಾದದ್ದೂ ಅದೇ ಹಾಳೆ.